ಬೋಟಿನ ಪಾಲಿಸಿಯನ್ನು ಕೊನೆಯ ಪುಟದಿಂದ ಓದುವುದು: ನನ್ನ ಅನುಭವ

ವಿಮೆಯ ಪಾಲಿಸಿಯನ್ನು ಎಕ್ಸ್‌ಕ್ಲೂಷನ್ (ವಿಮೆ ಅನ್ವಯಿಸದ ಸಂಗತಿಗಳ) ಪುಟದಿಂದ ಹಿಂದಕ್ಕೆ ಓದಬೇಕು, ಬೋಟಿನ ಒಂದೊಂದು ಭಾಗವನ್ನೂ ಒಂದೊಂದು ಕಲಮಿಗೆ ಜೋಡಿಸಿ ನೋಡಬೇಕು ಎಂದಾಗ ಮೂಗು ಮುರಿದವರೇ ಹೆಚ್ಚು. ಏಜೆಂಟರಿದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ ಎಂಬುದು ಮಾಮೂಲು ಉತ್ತರ. ಕಾಕ್‌ಪಿಟ್ ಡ್ರೈನಿನ (ಕೂರುವ ಜಾಗದ ನೀರು ಹೊರಹಾಕುವ ಕೊಳವೆಯ) ಹೋಸ್ ಸೀಳಿ, ಕಟ್ಟಿದ ಜಾಗದಲ್ಲೇ ನನ್ನ ಬೋಟು ಮುಳುಗಿ ತಳ ಮುಟ್ಟಿದ ಕ್ಲೇಮಿನಲ್ಲಿ ಹೋಸಿನ ಬೆಲೆ ಮತ್ತು ಡಿಡಕ್ಟಿಬಲ್ (ಪ್ರತಿ ಕ್ಲೇಮಿನಲ್ಲಿ ಮಾಲೀಕನೇ ಭರಿಸುವ ಪಾಲು) ಬಿಟ್ಟು ಉಳಿದದ್ದೆಲ್ಲ ಪಾಸಾದ ಮೇಲೆ ಅದೇ ಜನ ನಾನು ಆ ಜೋಡಣೆ ಬರೆದಿಟ್ಟ ಹಾಳೆಯ ನಕಲು ಕೇಳುತ್ತಿದ್ದಾರೆ. ಸೀಕಾಕ್ ಎಂದರೇನು, ಪ್ರೀಮಿಯಂ ಎಂದರೇನು ಎಂಬ ಉದ್ದದ ವಿವರಣೆಗೆ ಇಲ್ಲಿ ಜಾಗವಿಲ್ಲ. ಬೋಟು ಇಟ್ಟುಕೊಂಡವರಿಗೆ ಅದೆಲ್ಲ ಗೊತ್ತಿರುವಂಥದ್ದೇ.

ಹಾಳೆಯಲ್ಲಿ ನಾಲ್ಕು ಕಾಲಂ: ಭಾಗ, ಅದು ಹಾಳಾಗುವ ಬಗೆ, ಅದಕ್ಕೆ ಅನ್ವಯಿಸುವ ಕಲಮಿನ ಸಂಖ್ಯೆ, ಕಂಪನಿಯ ಲಿಖಿತ ಉತ್ತರದ ತಾರೀಖು. ಎಂಟೊಂಬತ್ತು ಮೀಟರಿನ ಬೋಟಿಗೆ ಹೆಚ್ಚುಕಡಿಮೆ ನಲವತ್ತು ಸಾಲು ಆಗುತ್ತವೆ. ನೀರಿನ ಮಟ್ಟದ ಕೆಳಗಿರುವ ಪ್ರತಿಯೊಂದು ತೂತಿಗೂ ಒಂದು ಸಾಲು ಬೇಕು. ಎಂಜಿನ್, ಗೇರ್‌ಬಾಕ್ಸ್, ಎಕ್ಸಾಸ್ಟ್, ಬ್ಯಾಟರಿ, ವೈರಿಂಗ್, ಮಾಸ್ಟು, ಹಾಯಿ, ಟೆಂಡರ್ ದೋಣಿ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ), ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್), ಟ್ರೈಲರ್ ಇವಕ್ಕೂ ಬೇರೆ ಬೇರೆ ಸಾಲು. ಕೊನೆಯಲ್ಲಿ ವಸ್ತುವಲ್ಲದ ಬಾಬತ್ತುಗಳು: ಥರ್ಡ್ ಪಾರ್ಟಿ ಹೊಣೆ, ಮುಳುಗಿದ ಬೋಟನ್ನು ಎತ್ತಿಸುವ ಖರ್ಚು, ನೀರಿಗೆ ಚೆಲ್ಲಿದ ಡೀಸೆಲ್‌ನ ಶುದ್ಧೀಕರಣ, ಸಾಲ್ವೇಜ್ (ಅಪಾಯದಲ್ಲಿದ್ದ ಬೋಟನ್ನು ಉಳಿಸಿದವರಿಗೆ ಕೊಡುವ ಹಣ). ಮೂರನೇ ಕಾಲಂ ಖಾಲಿ ಉಳಿದ ಸಾಲು ಎಂದರೆ ನಿಮ್ಮ ಜೇಬು. ಆ ಸಾಲುಗಳನ್ನಷ್ಟೇ ಪ್ರಶ್ನೆಗಳಾಗಿ ಬರೆದು, ಪ್ರೀಮಿಯಂ ಕಟ್ಟುವ ಮೊದಲೇ ಇಮೇಲ್ ಮಾಡಬೇಕು. ಕಟ್ಟಿದ ಮೇಲೆ ಕೇಳಿದರೆ ಉತ್ತರ ನಿಧಾನವಾಗುತ್ತದೆ, ಹಾರಿಕೆಯದೂ ಆಗುತ್ತದೆ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ಹಾಳೆಗೆ ಏರಿಸಬೇಡಿ.

ಅತಿ ಹೆಚ್ಚು ಹೊತ್ತು ಕೊಡಬೇಕಾದ್ದು ಸವಕಳಿಯ ಕಲಮಿಗೆ. ಸವಕಳಿ, ತುಕ್ಕು, ಗ್ಯಾಲ್ವಾನಿಕ್ ಸವೆತ (ನೀರಿನಲ್ಲಿ ಬೇರೆ ಬೇರೆ ಲೋಹ ತಾಗಿ ಆಗುವುದು), ಫೈಬರ್‌ಗ್ಲಾಸಿನ ಗುಳ್ಳೆ, ಇಲಿಹೆಗ್ಗಣಗಳ ಕಾಟ ಇವನ್ನು ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳೂ ಹೊರಗಿಡುತ್ತವೆ. ಬ್ರಿಟನ್ನಿನ 1906ರ ಮೆರೈನ್ ಇನ್ಶೂರೆನ್ಸ್ ಕಾಯ್ದೆಯ 55ನೇ ಕಲಮಿನಲ್ಲೇ ಪಾಲಿಸಿಯಲ್ಲಿ ಬೇರೆ ರೀತಿ ಬರೆಯದ ಹೊರತು ಸಹಜ ಸವಕಳಿಗೂ ಇಲಿಗಳಿಗೂ ವಿಮೆದಾರ ಹೊಣೆಯಲ್ಲ ಎಂದಿದೆ. ಬೇರೆ ರೀತಿ ಬರೆಸಿಕೊಳ್ಳುವ ದಾರಿ ಅಲ್ಲೇ ತೆರೆದಿದೆ ಎಂಬುದನ್ನು ಮಾತ್ರ ಯಾರೂ ನೋಡುವುದಿಲ್ಲ.

ಈ ಕಲಮು ಎರಡು ರೂಪದಲ್ಲಿ ಬರುತ್ತದೆ. ಒಂದರಲ್ಲಿ ಸವಕಳಿಯಿಂದ ಆದ ಯಾವ ನಷ್ಟವೂ ಇಲ್ಲ ಎಂದಿರುತ್ತದೆ. ಅಂದರೆ ಹಳೆಯ ಹೋಸ್ ಸೀಳಿತು, ನೀರು ನುಗ್ಗಿತು, ಎಂಜಿನ್ ಮುಳುಗಿತು: ಸರಪಳಿ ಪೂರ್ತಿ ಹೊರಗೆ. ಇನ್ನೊಂದರಲ್ಲಿ ಸವೆದ ಭಾಗವನ್ನು ಬದಲಿಸುವ ಖರ್ಚು ಮಾತ್ರ ಇಲ್ಲ ಎಂದಿರುತ್ತದೆ; ಅದರಿಂದ ಆದ ಮುಳುಗಡೆ, ಬೆಂಕಿ, ಡಿಕ್ಕಿ ಎಲ್ಲ ಒಳಗೆ. ಎರಡರ ಪ್ರೀಮಿಯಂ ವ್ಯತ್ಯಾಸ ನನಗೆ ಬಂದ ಕೊಟೇಶನ್‌ಗಳಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟಿತ್ತು. ವಿಹಾರದ ಬೋಟುಗಳು ನಡುನೀರಿಗಿಂತ ಕಟ್ಟಿದ ಜಾಗದಲ್ಲೇ ಹೆಚ್ಚು ಮುಳುಗುತ್ತವೆ. ಕಾರಣಗಳೂ ಹೆಚ್ಚಾಗಿ ಸವಕಳಿಯ ಜಾತಿಯವೇ: ಸ್ಟರ್ನ್‌ಡ್ರೈವ್ ಬೆಲ್ಲೋಸಿನ (ಹಿಂಬದಿ ಡ್ರೈವಿನ ರಬ್ಬರ್ ತೋಳು) ಬಿರುಕು, ಸ್ಟಫಿಂಗ್ ಬಾಕ್ಸಿನ (ಪ್ರೊಪೆಲ್ಲರ್ ದಂಡ ಹೊರಹೋಗುವಲ್ಲಿನ ನೀರುತಡೆ) ತೊಟ್ಟಿಕ್ಕುವಿಕೆ, ತುಕ್ಕು ಹಿಡಿದ ಕ್ಲಾಂಪು. ಆದ್ದರಿಂದ ಮೊದಲನೇ ರೂಪದ ಅಗ್ಗದ ಪಾಲಿಸಿ ಮುಖ್ಯ ಅಪಾಯವನ್ನೇ ಬಿಟ್ಟು ಉಳಿದದ್ದಕ್ಕೆ ಹಣ ವಸೂಲು ಮಾಡುತ್ತದೆ. ಹೀಗೆ ಹೇಳಿದ್ದಕ್ಕೇ ಆ ಜನ ನಕ್ಕದ್ದು.

ಎರಡನೇ ರೂಪ ಕೈಯಲ್ಲಿದ್ದರೂ ಸಾಲದು. ಮಾಲೀಕನ ಅಲಕ್ಷ್ಯ ಎಂಬ ಬಾಗಿಲಿನಿಂದ ಸರ್ವೇಯರ್ (ನಷ್ಟ ಪರೀಕ್ಷಿಸಲು ಕಂಪನಿ ಕಳಿಸುವವರು) ಮತ್ತೆ ಒಳಗೆ ಬರುತ್ತಾರೆ. ಅದಕ್ಕೆ ಫೈಲು ಬೇಕು. ಹೋಸ್ ಬದಲಿಸಿದ ರಸೀದಿ, ನೀರಿನ ಮಟ್ಟದ ಕೆಳಗಿನ ಪ್ರತಿ ಜೋಡಣೆಯಲ್ಲೂ ಎರಡೆರಡು ಸ್ಟೀಲ್ ಕ್ಲಾಂಪು ಕಾಣುವ ಫೋಟೊ, ಸೀಕಾಕ್ (ನೀರಿನ ತೂತು ಮುಚ್ಚುವ ಕವಾಟ) ಹಿಡಿಕೆ ತಿರುಗಿಸಿ ತೋರಿಸುವ ಹತ್ತು ಸೆಕೆಂಡಿನ ವಿಡಿಯೊ, ಹಲ್ (ಬೋಟಿನ ಒಡಲು) ನಂಬರ್, ಎಂಜಿನ್ ಸೀರಿಯಲ್ ನಂಬರ್. ವರ್ಷಕ್ಕೆರಡು ಸಲ, ಫೋನಿನ ತಾರೀಖು ಆನ್ ಮಾಡಿಟ್ಟು ತೆಗೆದರೆ ಸಾಕು. ಇವುಗಳ ನಕಲು ಬೋಟಿನ ಡ್ರಾಯರಿನಲ್ಲಿದ್ದರೆ ಬೋಟಿನ ಜೊತೆಗೇ ಮುಳುಗುತ್ತವೆ ಎಂಬುದನ್ನು ಹೇಳಬೇಕಾಗಿ ಬಂದಿರುವುದೇ ವಿಚಿತ್ರ. ಸರ್ವೇಯರ್ ಬಂದಾಗ ಈ ಫೋಟೊಗಳನ್ನು ಯಾವ ಕ್ರಮದಲ್ಲಿ ಮುಂದಿಡಬೇಕು ಎಂಬ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಸರ್ವೇಯರ್‌ಗಳೂ ಓದುತ್ತಾರೆ.

ಮೌಲ್ಯದ ವಿಚಾರ. ಒಪ್ಪಿದ ಮೌಲ್ಯದ ಪಾಲಿಸಿಯಲ್ಲಿ ಬೋಟು ಪೂರ್ತಿ ಹೋದರೆ ಬರೆದ ಮೊತ್ತ ಸಿಗುತ್ತದೆ. ಮಾರುಕಟ್ಟೆ ಮೌಲ್ಯದ ಪಾಲಿಸಿಯಲ್ಲಿ ನಷ್ಟದ ದಿನದ ಬೆಲೆ, ಅದೂ ಸವಕಳಿ ಕಳೆದು. ಎರಡನೆಯದರ ನಿಜವಾದ ಪೆಟ್ಟು ಬೀಳುವುದು ಪೂರ್ಣ ನಷ್ಟದಲ್ಲಿ ಅಲ್ಲ, ರಿಪೇರಿಯಲ್ಲಿ. ಹನ್ನೆರಡು ವರ್ಷದ ಎಂಜಿನ್‌ಗೆ ಹೊಸ ಬಿಡಿಭಾಗ ಹಾಕಿಸಿದರೆ ಅರ್ಧಕ್ಕಿಂತ ಕಡಿಮೆ ಕೈಸೇರಬಹುದು. ಒಪ್ಪಿದ ಮೌಲ್ಯದ ಪಾಲಿಸಿಯಲ್ಲೂ ಕಡಿತವಿಲ್ಲ ಎಂದುಕೊಳ್ಳಬೇಡಿ. ಲಂಡನ್ ಮಾರುಕಟ್ಟೆಯ 1985ರ ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಸಸ್ ಎಂಬ ಮಾದರಿ ಕಲಮುಗಳನ್ನು ಹಲವು ಪಾಲಿಸಿಗಳು ಇಂದಿಗೂ ಆಧಾರವಾಗಿ ಇಟ್ಟುಕೊಂಡಿವೆ. ಅದರಲ್ಲಿ ಹಾಯಿ, ಹಾಯಿಹಗ್ಗ, ಹೊದಿಕೆಗಳ ಮೇಲೆ ಮೂರನೇ ಒಂದು ಭಾಗದವರೆಗೆ ಕಡಿತ ಮಾಡಬಹುದು.

ಅದೇ ಮಾದರಿ ಕಲಮುಗಳಲ್ಲಿ ಸಣ್ಣಪುಟ್ಟ ಕೊಕ್ಕೆಗಳು ಇನ್ನೂ ಇವೆ. ಔಟ್‌ಬೋರ್ಡ್ ಕಳವಾದರೆ ಕ್ಲೇಮು ಸಿಗಬೇಕಾದರೆ ಮಾಮೂಲು ಸ್ಕ್ರೂ ಹಿಡಿತದ ಜೊತೆಗೆ ಬೇರೆ ಕಳ್ಳತಡೆ ಬೀಗವೂ ಇರಬೇಕು. ಔಟ್‌ಬೋರ್ಡ್ ಕಳಚಿ ನೀರಿಗೆ ಬಿದ್ದರೆ ಇಲ್ಲ. ಟೆಂಡರ್ ದೋಣಿಯ ಮೇಲೆ ತಾಯಿಬೋಟಿನ ಹೆಸರನ್ನು ಅಳಿಸದಂತೆ ಬರೆದಿರದಿದ್ದರೆ ಅದಕ್ಕೂ ಇಲ್ಲ. ಒಂದು ಡಬ್ಬಿ ಬಣ್ಣದ ಕೆಲಸ, ಎಷ್ಟು ಜನ ಮಾಡಿದ್ದಾರೆ ನೋಡಿ. ಏರಿಸಿದ್ದ ಹಾಯಿಯನ್ನು ಗಾಳಿ ಹರಿದರೆ, ಅದು ಮಾಸ್ಟಿನ ಹಾನಿಯಿಂದ, ಬೋಟು ನೆಲಕ್ಕೆ ತಾಗಿದ್ದರಿಂದ ಅಥವಾ ಡಿಕ್ಕಿಯಿಂದ ಆದದ್ದಲ್ಲದಿದ್ದರೆ, ದುಡ್ಡಿಲ್ಲ. ರೇಸಿನ ಹೊತ್ತಿನಲ್ಲಿ ಮಾಸ್ಟು, ಹಾಯಿ, ರಿಗ್ಗಿಂಗಿಗೆ (ಅವುಗಳ ಹಗ್ಗತಂತಿಗಳಿಗೆ) ಬೇರೆ ಎಕ್ಸ್‌ಟೆನ್ಶನ್ ಬೇಕು. ಬೋಟಿನ ವಿನ್ಯಾಸದ ಗರಿಷ್ಠ ವೇಗ 17 ನಾಟ್ ದಾಟಿದರೆ ಸ್ಪೀಡ್‌ಬೋಟ್ ಕಲಮು ಬೇರೆಯೇ ಸೇರಿಸಿಕೊಳ್ಳಬೇಕು. ಎಂಜಿನ್ ಬದಲಿಸಿ ಶಕ್ತಿ ಹೆಚ್ಚಿಸಿದವರು ಇದನ್ನು ಮತ್ತೆ ನೋಡಲೇಬೇಕು, ಹೆಚ್ಚಿಸಿದ ಸಂಗತಿಯನ್ನು ಕಂಪನಿಗೆ ತಿಳಿಸಲೂಬೇಕು.

ಡಿಡಕ್ಟಿಬಲ್ ಲೆಕ್ಕ ಹೀಗಿದೆ. ಬೋಟಿನ ಮೌಲ್ಯ ನೂರು ಎಂದಿಟ್ಟುಕೊಳ್ಳಿ, ವರ್ಷದ ಪ್ರೀಮಿಯಂ ಒಂದೂವರೆ. ಡಿಡಕ್ಟಿಬಲ್ಲನ್ನು ಒಂದರಿಂದ ಎರಡಕ್ಕೆ ಏರಿಸಿದರೆ ಪ್ರೀಮಿಯಂನಲ್ಲಿ ಹತ್ತನೇ ಒಂದು ಭಾಗ ಇಳಿಯಿತು, ಅಂದರೆ 0.15. ಆರೇಳು ವರ್ಷ ಕ್ಲೇಮಿಲ್ಲದೆ ಹೋದರೆ ಲಾಭ ನಿಮ್ಮದು. ಸಣ್ಣ ಗೀರು, ತರಚಿದ ಜೆಲ್‌ಕೋಟ್‌ಗೆ ಹೇಗೂ ಕ್ಲೇಮು ಹಾಕಬಾರದು, ನೋ ಕ್ಲೇಮ್ ಬೋನಸ್ ಹೋಗುವುದು ಅದಕ್ಕಿಂತ ದುಬಾರಿ. ಉಳಿದ 0.15ನ್ನು ಥರ್ಡ್ ಪಾರ್ಟಿ ಮಿತಿ ಹೆಚ್ಚಿಸಲು ಹಾಕಿ. ನಿಮ್ಮ ಬೋಟು ಹೋದರೆ ಹೋಗುವುದು ಆ ನೂರು ಮಾತ್ರ. ಬೆಂಕಿ ಹತ್ತಿ ಪಕ್ಕದ ನಾಲ್ಕು ಬೋಟಿಗೆ ಹಬ್ಬಿದರೆ, ಈಜುವವರಿಗೆ ಪ್ರೊಪೆಲ್ಲರ್ ತಗುಲಿದರೆ, ಲೆಕ್ಕ ನೂರಕ್ಕೆ ನಿಲ್ಲುವುದಿಲ್ಲ. ಚಂಡಮಾರುತಕ್ಕೆ ಪ್ರತ್ಯೇಕ ಡಿಡಕ್ಟಿಬಲ್ ಇದೆಯೇ ಎಂದು ನೋಡಿ. ಮೌಲ್ಯದ ನೂರಕ್ಕೆ ಐದು, ಹತ್ತು ಇರುವುದು ಸಾಮಾನ್ಯ, ಮೊದಲ ಪುಟದಲ್ಲಿ ಮಾತ್ರ ಇರುವುದಿಲ್ಲ.

ಬೋಟನ್ನು ಎತ್ತಿಸುವ ಖರ್ಚು ಎಲ್ಲಿ ಬರುತ್ತದೆ ಎಂಬುದೂ ಮುಖ್ಯ. ಕೆಲವು ಪಾಲಿಸಿಗಳಲ್ಲಿ ಅದು ಹಲ್ ಮೊತ್ತದ ಒಳಗೇ ಸೇರಿದೆ. ಎತ್ತಿಸಲು ನಲವತ್ತು ಖರ್ಚಾದರೆ ರಿಪೇರಿಗೆ ಉಳಿಯುವುದು ಅರವತ್ತು. ಅದು ಹಲ್ ಮೊತ್ತದ ಹೊರಗೆ, ಬೇರೆಯಾಗಿ ಬರುವ ಪಾಲಿಸಿಯನ್ನು ಹುಡುಕಬೇಕು. ಡೀಸೆಲ್ ಚೆಲ್ಲಿದ್ದಕ್ಕೂ ಇದೇ ಪ್ರಶ್ನೆ.

ಷರತ್ತುಗಳ ಸಾಲು: ಸಂಚಾರದ ಗಡಿ, ಬೋಟನ್ನು ದಡಕ್ಕೆ ಎಳೆದಿಡುವ ತಿಂಗಳುಗಳು, ಸರ್ವೇ ವರದಿಯಲ್ಲಿ ಸೂಚಿಸಿದ ರಿಪೇರಿ. 1906ರ ಕಾಯ್ದೆಯ ಪ್ರಕಾರ ವಾರಂಟಿಯನ್ನು (ಪಾಲಿಸಿಯಲ್ಲಿ ಮಾಲೀಕ ಕೊಟ್ಟ ಮಾತನ್ನು) ಅಕ್ಷರಶಃ ಪಾಲಿಸಬೇಕಿತ್ತು, ನಷ್ಟಕ್ಕೆ ಅದು ಸಂಬಂಧಪಡಲಿ ಬಿಡಲಿ. ಬ್ರಿಟನ್ನಿನಲ್ಲಿ 2015ರ ಇನ್ಶೂರೆನ್ಸ್ ಕಾಯ್ದೆ ಇದನ್ನು ಸಡಿಲಿಸಿತು, ಉಲ್ಲಂಘನೆ ಇರುವಷ್ಟು ಕಾಲ ಮಾತ್ರ ಕವರ್ ನಿಲ್ಲುತ್ತದೆ. ಎಲ್ಲ ಕಡೆ ಹಾಗಿಲ್ಲ. ಸರ್ವೇ ವರದಿಯಲ್ಲಿ ಹದಿನೈದು ಸಲಹೆಗಳಿದ್ದರೆ ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಸರ್ವೇಯರ್‌ರಿಂದಲೇ ಬೇರ್ಪಡಿಸಿ ಬರೆಸಿಕೊಳ್ಳಿ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕಳಿಸಿದರೆ ಕಂಪನಿ ಎಲ್ಲವನ್ನೂ ಕಡ್ಡಾಯವೆಂದೇ ಹಿಡಿಯುತ್ತದೆ. ಮುಗಿದ ಕೆಲಸಗಳಿಗೆ ಸಹಿ ಮಾಡಿದ ಪತ್ರ, ಬಾಕಿ ಇರುವವಕ್ಕೆ ಗಡುವು. ಸ್ನೇಹಿತರಿಂದ ಇಂಧನದ ಪಾಲು ತೆಗೆದುಕೊಳ್ಳುವುದು ಬಾಡಿಗೆಯಾಗುತ್ತದೆಯೇ ಎಂಬುದನ್ನೂ ಬರವಣಿಗೆಯಲ್ಲೇ ಕೇಳಿ. ಲಿಥಿಯಂ ಬ್ಯಾಟರಿ ಹಾಕಿಸಿದ್ದನ್ನು ಮುಚ್ಚಿಡಬೇಡಿ. ಬೆಂಕಿಯ ಕ್ಲೇಮಿನಲ್ಲಿ ಮೊದಲು ಅಗೆಯುವುದು ಅಲ್ಲೇ.

ಈಗ ಸ್ವಲ್ಪ ಪಕ್ಕದ ಪ್ರಯೋಗ. ಬಿಲ್ಜ್ (ಬೋಟಿನ ತಳದಲ್ಲಿ ನೀರು ಸೇರುವ ಜಾಗ) ಪಂಪಿನ ಡಬ್ಬಿಯ ಮೇಲೆ ಗಂಟೆಗೆ 2000 ಗ್ಯಾಲನ್ ಎಂದಿರುತ್ತದೆ, ಅಂದರೆ ನಿಮಿಷಕ್ಕೆ 125 ಲೀಟರ್ ಆಸುಪಾಸು. ಅದು ನೀರನ್ನು ಮೇಲೆತ್ತದೆ, ಪೂರ್ತಿ ವೋಲ್ಟೇಜಿನಲ್ಲಿ ಅಳೆದ ಸಂಖ್ಯೆ. ಬಿಲ್ಜಿಗೆ ನೀರು ತುಂಬಿ, ಹೊರಬಾಯಿಗೆ 20 ಲೀಟರ್ ಬಕೆಟ್ ಹಿಡಿದು ಅಳೆದರೆ ಸಿಕ್ಕಿದ್ದು ನಿಮಿಷಕ್ಕೆ 70ರ ಹತ್ತಿರ. ವೈರ್ ದಪ್ಪ ಮಾಡಿ, ಸುಕ್ಕುಗಟ್ಟಿದ ಹೋಸಿನ ಬದಲು ಒಳಮೈ ನುಣುಪಾದದ್ದನ್ನು ಹಾಕಿದಾಗ 90 ಆಯಿತು. ಇನ್ನೊಂದು ಕಡೆ, ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗಿರುವ 38 ಮಿಲಿಮೀಟರ್ ತೂತಿನಿಂದ ನಿಮಿಷಕ್ಕೆ 140 ಲೀಟರಿನಷ್ಟು ಒಳಬರುತ್ತದೆ. ಪಂಪು ಸೋಲುವುದು ಖಚಿತ. 100 ಆಂಪಿಯರ್ ಗಂಟೆಯ ಬ್ಯಾಟರಿಯ ಅರ್ಧವನ್ನಷ್ಟೇ ನೆಚ್ಚಿದರೆ ಹತ್ತು ಆಂಪಿಯರ್ ಎಳೆಯುವ ಪಂಪು ಐದು ಗಂಟೆ ಓಡಿ ನಿಲ್ಲುತ್ತದೆ. ಇದರಿಂದ ವಿಮೆಗೇನು ಪ್ರಯೋಜನ ಎಂದರೆ: ಪಂಪು ಕೆಟ್ಟಿತ್ತು, ಅದಕ್ಕೇ ಮುಳುಗಿತು ಎಂಬ ವಾದ ಬಂದಾಗ ಪಂಪು ಓಡಿದ್ದರೂ ಮುಳುಗುತ್ತಿತ್ತು ಎಂದು ಅಂಕಿಯಲ್ಲಿ ತೋರಿಸಬಹುದು. ಮಳೆನೀರು ತುಂಬಿ ಮುಳುಗಿದರೆ ಈ ವಾದ ನಿಲ್ಲುವುದಿಲ್ಲ, ಅಲ್ಲಿ ಪಂಪು ಮತ್ತು ಫ್ಲೋಟ್ ಸ್ವಿಚ್ಚೇ (ನೀರು ಏರಿದಾಗ ಪಂಪನ್ನು ತಾನೇ ಓಡಿಸುವ ಸ್ವಿಚ್ಚು) ಪ್ರಶ್ನೆ.

ನಷ್ಟವಾದ ದಿನ ಮಾಡಬೇಕಾದ್ದು. ನಷ್ಟ ಇನ್ನೂ ಬೆಳೆಯದಂತೆ ತಡೆಯುವುದು ಮಾಲೀಕನ ಕರ್ತವ್ಯ. ಅದಕ್ಕಾದ ಯೋಗ್ಯ ಖರ್ಚನ್ನು ಕಂಪನಿ ಕೊಡಬೇಕು, ಕ್ರಮ ನಿಷ್ಫಲವಾಗಿದ್ದರೂ. ಆದ್ದರಿಂದ ಅನುಮತಿಗೆ ಕಾಯುತ್ತ ಕೂರಬೇಡಿ. ಮುಳುಗಿದ ಎಂಜಿನ್ ಗಾಳಿಗೆ ಬಂದೊಡನೆ ತುಕ್ಕು ಶುರು. ಸಿಹಿನೀರಿನಲ್ಲಿ ತೊಳೆದು, ಸ್ಪಾರ್ಕ್ ಪ್ಲಗ್ಗು ಅಥವಾ ಇಂಜೆಕ್ಟರ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರು ತೆಗೆದು, ಸಿಲಿಂಡರಿಗೆ ಎಣ್ಣೆ ತುಂಬಿ, ಆಯಿಲ್ ಬೆಳ್ಳಗೆ ಬರುವುದು ನಿಲ್ಲುವವರೆಗೆ ಬದಲಿಸುವುದು ಅದೇ ದಿನ ಆಗಬೇಕು. ಪ್ರತಿ ರಸೀದಿಗೂ ಗಂಟೆ ಬರೆದಿಡಿ. ಸೀಳಿದ ಹೋಸನ್ನು ಬಿಸಾಡಬೇಡಿ, ಒರೆಸಬೇಡಿ, ಕ್ಲಾಂಪಿನ ಸಮೇತ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ನನ್ನ ಕ್ಲೇಮಿನಲ್ಲಿ ಕೊನೆಗೆ ತೀರ್ಪು ಕೊಟ್ಟದ್ದು ಆ ಹೋಸೇ: ಕ್ಲಾಂಪಿನ ಅಂಚಿನಲ್ಲಿ ಒಳಪದರ ಸೀಳಿತ್ತು, ಹೊರಗಿನಿಂದ ಕಾಣುತ್ತಿರಲಿಲ್ಲ.

ಎಳೆದೊಯ್ಯಲು ಬಂದವರ ಹಗ್ಗ ಹಿಡಿಯುವ ಮೊದಲು ಇದು ಗಂಟೆಯ ದರದ ಟೋವಿಂಗೋ, ಸಾಲ್ವೇಜೋ ಎಂದು ಕೇಳಿ, ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಸಾಲ್ವೇಜ್ ಆದರೆ ಉಳಿಸಿದ ಆಸ್ತಿಯ ಮೌಲ್ಯದ ಮೇಲೆ ಬಹುಮಾನ ಕೇಳಬಹುದು. ಲಾಯ್ಡ್ಸ್ ಓಪನ್ ಫಾರ್ಮ್ ಎಂಬ ಸಾಲ್ವೇಜ್ ಕರಾರು ಮುಂದಿಟ್ಟರೆ ಮೊತ್ತ ಆಮೇಲೆ ತೀರ್ಮಾನವಾಗುತ್ತದೆ. ಉಳಿಸದಿದ್ದರೆ ಸಾಮಾನ್ಯವಾಗಿ ಕೂಲಿಯಿಲ್ಲ. ಪ್ರಾಣಾಪಾಯ ಇಲ್ಲದಿದ್ದರೆ ನಿಶ್ಚಿತ ದರವನ್ನೇ ಕೇಳಿ.

ಮರೀನಾದ (ಬೋಟು ಕಟ್ಟುವ ತಂಗುದಾಣದ) ಕರಾರನ್ನೂ ಪಾಲಿಸಿಯ ಪಕ್ಕದಲ್ಲಿಟ್ಟು ಓದಬೇಕು. ಮರೀನಾದವರ ತಪ್ಪಿನಿಂದಾದ ನಷ್ಟಕ್ಕೂ ಬೋಟಿನವರು ಪರಿಹಾರ ಕೇಳಬಾರದು ಎಂಬ ಸಾಲಿಗೆ ಸಹಿ ಹಾಕಿದರೆ, ಕಂಪನಿಗೆ ಅವರಿಂದ ವಸೂಲು ಮಾಡುವ ಹಕ್ಕನ್ನು ನೀವೇ ಕಿತ್ತುಕೊಂಡಂತೆ. ಆ ನೆಪದಲ್ಲಿ ಕ್ಲೇಮು ಮೊಟಕಾಗಬಹುದು. ಸಹಿಗೆ ಮೊದಲು ಆ ಪುಟದ ನಕಲನ್ನು ಕಂಪನಿಗೆ ಕಳಿಸಿ ಒಪ್ಪಿಗೆ ತರಿಸಿ. ಆ ಸಾಲನ್ನು ಮರೀನಾದವರಿಂದ ಹೊಡೆಸಿಹಾಕುವ ಮಾತಿನ ವರಸೆ ಬೇರೆ ಇದೆ. ಎಲ್ಲರೂ ಬಳಸಿದರೆ ನಡೆಯದಾಗುತ್ತದೆ.

ನವೀಕರಣದ ಹೊತ್ತಿಗೆ ಹೊಸ ಪಾಲಿಸಿಯ ಪಠ್ಯವನ್ನು ಹಳೆಯದರ ಪಕ್ಕದಲ್ಲಿಟ್ಟು ಎಕ್ಸ್‌ಕ್ಲೂಷನ್ ಭಾಗವನ್ನು ಮಾತ್ರ ಹೋಲಿಸಿ. ಕಲಮಿನ ಸಂಖ್ಯೆ ಬದಲಾಗಿದ್ದರೆ ಹಾಳೆಯ ಮೂರನೇ ಕಾಲಂ ತಿದ್ದಿ, ಸವಕಳಿಯ ಸಾಲಿನ ಪ್ರಶ್ನೆಯನ್ನು ಹೊಸ ತಾರೀಖಿನೊಂದಿಗೆ ಮತ್ತೊಮ್ಮೆ ಕಳಿಸಿ. ಅರ್ಧ ಗಂಟೆಯ ಕೆಲಸ, ಪ್ರೀಮಿಯಂ ಕಟ್ಟುವ ಗಡುವಿಗೆ ಮೂರು ವಾರ ಮೊದಲೇ ಮುಗಿಸಿಕೊಳ್ಳಿ.