ಶೂ ಕೊಳ್ಳೋಕೆ ಸಂಜೆ ಹೊತ್ತು ಹೋಗಿ

ಕಳೆದ ವರ್ಷ ಅರ್ಧ ಬೆಲೆಗೆ ಸಿಗುತ್ತಿದೆ ಎಂದು ಓಟದ ಶೂ ತಂದೆ. ನನ್ನ ಅಳತೆ 8, ಅಂಗಡಿಯಲ್ಲಿ ಉಳಿದಿದ್ದು ಏಳೂವರೆ. ‘ಹಾಕ್ತಾ ಹಾಕ್ತಾ ಬಿಟ್ಕೊಳ್ಳುತ್ತೆ ಸರ್’ ಎಂದ ಹುಡುಗ. ನಂಬಿದೆ. ಎರಡೇ ವಾರಕ್ಕೆ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಯಿತು, ಆಮೇಲೆ ಕಳಚಿಯೂ ಬಿತ್ತು. ಚರ್ಮದ ಚಪ್ಪಲಿ ಬಿಟ್ಟುಕೊಳ್ಳುತ್ತದೆ, ನಿಜ. ಆದರೆ ಓಟದ ಶೂ ಎಷ್ಟು ದಿನ ಹಾಕಿದರೂ ಉದ್ದವಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ. ನೆಲದ ಮೇಲೆ ಕಾಗದ ಹಾಸಿ, ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿ. ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ. ಕೂತು ಅಳೆಯಬೇಡಿ, ಮೈಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ. ಎರಡೂ ಕಾಲು ಅಳೆದು, ದೊಡ್ಡದಕ್ಕೆ ಹೊಂದುವ ಶೂ ನೋಡಿ. ಅಳತೆ ಸೆಂಟಿಮೀಟರಿನಲ್ಲೇ ನೆನಪಿರಲಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಬ್ರಿಟನ್ ನಂಬರ್. ಅದರ 8 ಅಂದರೆ ಅಮೆರಿಕದ ಗಂಡಸರ ಶೂನಲ್ಲಿ ಸುಮಾರು 9. ಆನ್‌ಲೈನ್‌ನಲ್ಲಿ ಎಡವಟ್ಟಾಗುವುದು ಇಲ್ಲೇ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಓಡುವಾಗಲೂ ಹಾಗೇ ಆಗುತ್ತದೆ. ನೀವು ದಿನಾ ಹಾಕುವ ಸಾಕ್ಸನ್ನೇ ಒಯ್ಯಿರಿ. ಅಂಗಡಿಯವರು ಕೊಡುವ ತೆಳು ಸಾಕ್ಸ್ ಹಾಕಿ ನೋಡಿದರೆ ಅಳತೆ ತಪ್ಪುತ್ತದೆ.

ಎರಡೂ ಶೂ ಹಾಕಿ, ಲೇಸ್ ಕಟ್ಟಿ, ಎದ್ದು ನಿಲ್ಲಿ. ಉದ್ದದ ಬೆರಳಿನ ಮುಂದೆ ನಿಮ್ಮ ಕೈಯ ಹೆಬ್ಬೆರಳಿನಷ್ಟು ಅಗಲ ಜಾಗ ಇರಬೇಕು. ಒಳಗೆ ಬೆರಳುಗಳನ್ನು ಆಡಿಸಲು ಬರಬೇಕು. ಹಿಮ್ಮಡಿ ಮಾತ್ರ ಬಿಗಿಯಾಗಿ ಕೂತಿರಬೇಕು, ನಡೆದಾಗ ಮೇಲಕ್ಕೆ ಜಾರಬಾರದು. ಸ್ವಲ್ಪವೇ ಜಾರುತ್ತಿದ್ದರೆ ಕೊನೆಯಲ್ಲಿರುವ ಹೆಚ್ಚುವರಿ ತೂತಿಗೂ ಲೇಸ್ ಪೋಣಿಸಿ ನೋಡಿ. ಆ ತೂತು ಇರುವುದೇ ಅದಕ್ಕೆ. ಬಹಳ ಜನ ಅದನ್ನು ಸುಮ್ನೆ ಖಾಲಿ ಬಿಡುತ್ತಾರೆ. ಆಮೇಲೆ ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ. ನಾಚಿಕೊಂಡರೆ ನಷ್ಟ ನಮಗೇ ಅಲ್ವಾ? ಎಲ್ಲಾದರೂ ಒತ್ತಿದರೆ, ಉಜ್ಜಿದರೆ ಆ ಜೊತೆ ಬೇಡ. ಬಣ್ಣ ಎಷ್ಟೇ ಚೆನ್ನಾಗಿರಲಿ.

ಇನ್ನು ಜಿಮ್. ಓಟಕ್ಕೂ ಜಿಮ್ಮಿಗೂ ಒಂದೇ ಜೊತೆ ಸಾಕಾ ಎಂದು ಎಲ್ಲರೂ ಕೇಳುತ್ತಾರೆ. ಟ್ರೆಡ್‌ಮಿಲ್ ಮೇಲೆ ಓಡಿ, ಹಗುರ ಡಂಬೆಲ್ ಎತ್ತಿ ಮನೆಗೆ ಬರುವವರಿಗೆ ಧಾರಾಳವಾಗಿ ಸಾಕು. ಭಾರ ಎತ್ತುವವರಿಗೆ ಸಾಲದು. ಓಟದ ಶೂನ ಅಡಿಯಲ್ಲಿ ಮೆತ್ತನೆ ಫೋಮ್ ಇರುತ್ತದೆ, ಬಹಳಷ್ಟು ಶೂಗಳಲ್ಲಿ ಹಿಮ್ಮಡಿ ಮುಂಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರ. ಹೆಗಲ ಮೇಲೆ ಬಾರ್ಬೆಲ್ ಹೊತ್ತು ಸ್ಕ್ವಾಟ್ ಮಾಡುವಾಗ, ಅಂದರೆ ಕುಕ್ಕರಿಸಿ ಏಳುವಾಗ, ಆ ಫೋಮ್ ಕುಸಿಯುತ್ತದೆ, ಕಾಲು ಅತ್ತಿತ್ತ ವಾಲುತ್ತದೆ. ಹಾಸಿಗೆ ಮೇಲೆ ನಿಂತು ಅಕ್ಕಿ ಮೂಟೆ ಎತ್ತಿದ ಹಾಗೆ. ಅದಕ್ಕೆ ಬೇಕಾದ್ದು ಗಟ್ಟಿ ಸೋಲ್. ನೆಲದ ಮೇಲಿನ ಭಾರವನ್ನು ಬಗ್ಗಿ ಎತ್ತುವ ಡೆಡ್‌ಲಿಫ್ಟಿಗಂತೂ ಸೋಲ್ ತೆಳ್ಳಗೆ ಚಪ್ಪಟೆಯಾಗಿದ್ದಷ್ಟೂ ಒಳ್ಳೆಯದು, ಹಳೇ ಕ್ಯಾನ್ವಾಸ್ ಶೂ ಆದರೂ ನಡೆಯುತ್ತದೆ. ದುಡ್ಡು ಒಂದೇ ಜೊತೆಗೆ ಇದ್ದರೆ ಅದನ್ನು ಓಟದ ಶೂಗೇ ಹಾಕಿ ಎನ್ನುವುದು ನನ್ನ ಅಭಿಪ್ರಾಯ. ದುಬಾರಿ ಶೂ ಎಂದರೆ ಒಳ್ಳೆ ಶೂ ಎಂದೇನೂ ಅಲ್ಲ. ಸೋಲ್ ಒಳಗೆ ಕಾರ್ಬನ್ ಪ್ಲೇಟ್ ಎಂಬ ಗಟ್ಟಿ ಹಾಳೆ ಇರುವ ರೇಸ್ ಶೂ ಹೊಸಬರಿಗೆ ಖಂಡಿತ ಬೇಡ.

ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ವಾರಕ್ಕೆ 20 ಕಿ.ಮೀ. ಓಡುವವರಿಗೆ ಆರರಿಂದ ಒಂಬತ್ತು ತಿಂಗಳು. ಮೇಲೆ ಹೊಸದರಂತೆ ಕಂಡರೂ ಒಳಗಿನ ಫೋಮ್ ಸತ್ತಿರುತ್ತದೆ. ಕೊಂಡ ದಿನಾಂಕವನ್ನು ಶೂ ನಾಲಿಗೆಯ ಒಳಬದಿಗೆ ಪೆನ್ನಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಮಳೆಯಲ್ಲಿ ನೆಂದರೆ ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ. ಇನ್‌ಸೋಲ್ (ಪಾದದಡಿ ಹಾಸಿರುವ ಪದರ) ಹೊರತೆಗೆದು, ಹಳೇ ಪೇಪರ್ ಮುದ್ದೆ ಮಾಡಿ ಒಳಗೆ ತುರುಕಿ, ಫ್ಯಾನಿನ ಕೆಳಗಿಡಿ. ಓದಿ ಮುಗಿದ ಮೇಲೆ ಈ ಪುರವಣಿಯನ್ನೇ ಬಳಸಬಹುದು.