ಬಳಪದ ಕಲ್ಲಿನಲ್ಲಿ ಸಂತ ಥಾಮಸ್: ಯಾತ್ರಿಕರ ಬ್ಯಾಡ್ಜ್ ಎರಕ ಹೊಯ್ದ ನನ್ನ ಅನುಭವ

ಲೋಹ ಕರಗಿಸಿ ಹೊಯ್ಯುವುದೇ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಅದೇ ಸುಲಭದ ಭಾಗ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿದುಹೋಗುತ್ತದೆ. ಬೆವರು ಇಳಿಯುವುದೆಲ್ಲ ಅದಕ್ಕೆ ಮುಂಚೆ, ಲೋಹ ಹೊಯ್ಯುವ ಅಚ್ಚಿಗಾಗಿ ಕಲ್ಲು ಕೆತ್ತುವಾಗ.

ಮಧ್ಯಯುಗದ ಯುರೋಪಿನಲ್ಲಿ ಸಂತರ ಸಮಾಧಿಗೆ ಯಾತ್ರೆ ಹೋದವರು ಅಲ್ಲಿಂದ ಒಂದು ಪುಟ್ಟ ಲೋಹದ ಬ್ಯಾಡ್ಜ್ ಕೊಂಡು, ಟೋಪಿಗೋ ಮೇಲಂಗಿಗೋ ಸಿಕ್ಕಿಸಿಕೊಂಡು ಊರಿಗೆ ಬರುತ್ತಿದ್ದರು. ನಮ್ಮವರು ತಿರುಪತಿಯಿಂದ ತಿಮ್ಮಪ್ಪನ ಡಾಲರ್ ತರುವುದಿಲ್ವಾ, ಹಾಗೇ. ಸ್ಪೇನಿನ ಸಾಂಟಿಯಾಗೊಗೆ ಹೋದವರಿಗೆ ಚಿಪ್ಪು, ರೋಮಿಗೆ ಹೋದವರಿಗೆ ಪೀಟರ್ ಮತ್ತು ಪಾಲ್, ಇಂಗ್ಲೆಂಡಿನ ಕ್ಯಾಂಟರ್‌ಬರಿಗೆ ಹೋದವರಿಗೆ ಥಾಮಸ್ ಬೆಕೆಟ್. ನಾನು ಆರಿಸಿಕೊಂಡದ್ದು ಬೆಕೆಟ್‌ನನ್ನು. ಆರ್ಚ್‌ಬಿಷಪ್ ಆಗಿದ್ದ ಆತನನ್ನು 1170ರ ಡಿಸೆಂಬರ್ 29ರಂದು ಅವನ ಚರ್ಚಿನೊಳಗೇ ರಾಜನ ಕಡೆಯ ನಾಲ್ವರು ಕಡಿದು ಕೊಂದರು. 1173ರಲ್ಲಿ ಪೋಪ್ ಅವನನ್ನು ಸಂತ ಅಂತ ಘೋಷಿಸಿದರು. ಅಲ್ಲಿಂದ 1538ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಸಮಾಧಿಯನ್ನೇ ಕಿತ್ತುಹಾಕಿಸುವ ತನಕ ಜನ ಬರುತ್ತಲೇ ಇದ್ದರು. ಅವನ ಬ್ಯಾಡ್ಜ್‌ಗಳಲ್ಲಿ ಬಿಷಪ್ಪರ ಎತ್ತರದ ಟೋಪಿ ಹಾಕಿದ ಮುಖ ಎಷ್ಟೋ ಸಲ ಕಾಣುತ್ತದೆ. ಕೆತ್ತಲಿಕ್ಕೂ ಅದೇ ಸುಲಭ. ಒಂದು ಮುಖ, ಒಂದು ಟೋಪಿ, ಒಂದಿಷ್ಟು ಗೆರೆ, ಅಷ್ಟೇ.

ಕಲ್ಲಿಗೆ ನಾನು ದೂರ ಹೋಗಬೇಕಾಗಲಿಲ್ಲ. ಆಗಿನವರು ನಯವಾದ ಸುಣ್ಣದ ಕಲ್ಲು, ಸ್ಲೇಟು ಇಂಥವನ್ನು ಬಳಸುತ್ತಿದ್ದರು. ನನಗೆ ಸಿಕ್ಕಿದ್ದು ಬಳಪದ ಕಲ್ಲು. ಬೇಲೂರು ಹಳೇಬೀಡಿನ ಶಿಲ್ಪಿಗಳು ಆ ಜಾತಿಯ ಮೆತ್ತನೆ ಕಲ್ಲಿನಲ್ಲಿ ಏನೇನು ಮಾಡಿದ್ದಾರೆ ಅಂತ ನಿಮಗೆ ಗೊತ್ತೇ ಇದೆ, ನಾನು ಹೇಳಬೇಕಾಗಿಲ್ಲ. ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಒಂದು ಮಾತು, ಇದರ ಧೂಳು ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಳ್ಳಿ, ಕಲ್ಲನ್ನು ಒದ್ದೆ ಮಾಡಿಕೊಂಡೇ ಕೆತ್ತಿ.

ಎರಡು ತುಂಡುಗಳನ್ನು ಒಂದಕ್ಕೊಂದು ಉಜ್ಜಿ, ನಡುವೆ ಬೆಳಕೇ ತೂರದ ಹಾಗೆ ಸಮ ಮಾಡಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಲೋಹ ಪಕ್ಕಕ್ಕೆ ಹರಿದು ಬ್ಯಾಡ್ಜಿನ ಸುತ್ತ ತೆಳ್ಳಗೆ ಅಂಚು ಕಟ್ಟಿಕೊಳ್ಳುತ್ತದೆ. ಆಮೇಲೆ ಚಿತ್ರ. ಎಲ್ಲ ತಿರುಗುಮುರುಗು: ಉಬ್ಬಬೇಕಾದ ಮೂಗು ಹಳ್ಳವಾಗಬೇಕು, ಎಡ ಬಲವಾಗಬೇಕು, ಅಕ್ಷರ ಇದ್ದರೆ ಕನ್ನಡಿಯಲ್ಲಿ ಕಂಡ ಹಾಗೆ ಬರೆಯಬೇಕು. ನನ್ನ ಹತ್ತಿರ ಇದ್ದದ್ದು ಜಾಮಿಟ್ರಿ ಬಾಕ್ಸಿನ ಕೈವಾರ, ಸಣ್ಣ ಅರಗಳು, ಹಲ್ಲಿನ ಡಾಕ್ಟರು ಬಳಸುವಂಥ ಕೊಕ್ಕೆ ಕಡ್ಡಿ. ಸ್ವಲ್ಪ ಕೆತ್ತುವುದು, ಜೇನುಮೇಣ ಒತ್ತಿ ನೋಡುವುದು, ಮತ್ತೆ ಕೆತ್ತುವುದು. ಆಳ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಹಳ್ಳದ ಗೋಡೆ ಮಾತ್ರ ಒಳಕ್ಕೆ ಕೊರೆದ ಹಾಗೆ ಇರಬಾರದು, ಇದ್ದರೆ ಎರಕ ಕಲ್ಲನ್ನು ಬಿಟ್ಟು ಬರುವುದಿಲ್ಲ.

ಹಳೆಯ ಬ್ಯಾಡ್ಜ್‌ಗಳ ಹಿನ್ನೆಲೆಯಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದ ಬಲೆ ಇರುತ್ತದೆ. ನಾನು ಅದನ್ನು ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಕೆತ್ತಿ ಹೊಯ್ದ ಮೇಲೆ ನೋಡಿದರೆ, ಲೋಹ ಆ ಗೆರೆಗಳ ಹಾದಿ ಹಿಡಿದು ಮೂಲೆಮೂಲೆಗೂ ಓಡುತ್ತದೆ! ಇದರ ಜೊತೆಗೆ ಗಾಳಿ ಹೊರಗೆ ಹೋಗಲಿಕ್ಕೆ ಚಿತ್ರದ ತುದಿಗಳಿಂದ ಕಲ್ಲಿನ ಅಂಚಿನವರೆಗೆ ಕೂದಲೆಳೆಯಂಥ ಗೀರುಗಳನ್ನೂ ಎಳೆಯಬೇಕು. ಬೆಕೆಟ್‌ನ ಟೋಪಿಯ ಚೂಪು ತುದಿಗೆ ಅಂಥ ಗೀರು ಇಲ್ಲದಿದ್ದರೆ ಗಾಳಿ ಅಲ್ಲೇ ಸಿಕ್ಕಿಕೊಂಡು ತುದಿ ಮೊಂಡಾಗಿ ಬರುತ್ತದೆ.

ಇನ್ನು ಲೋಹ. ಆಗ ಬಳಸಿದ್ದು ತವರ ಮತ್ತು ಸೀಸದ ಮಿಶ್ರಣ, ಪ್ರಮಾಣ ಊರಿಂದ ಊರಿಗೆ ಬೇರೆ. ತವರ ಕರಗುವುದು 232 ಡಿಗ್ರಿಗೆ, ಸೀಸ 327ಕ್ಕೆ. ಎರಡನ್ನೂ ಸುಮಾರು 63ಕ್ಕೆ 37ರಂತೆ ಬೆರೆಸಿದರೆ 183ಕ್ಕೇ ಕರಗಿಬಿಡುತ್ತದೆ. ಅಂದರೆ ಕುಲುಮೆ ಬೇಡ, ಒಂದು ಇದ್ದಿಲ ಒಲೆ ಸಾಕು, ಚರ್ಚಿನ ಪಕ್ಕದಲ್ಲೇ ಕೂತು ಮಾಡಬಹುದು. ಕಲ್ಲೂ ಇಷ್ಟು ಬಿಸಿಗೆ ಬಿರಿಯುವುದಿಲ್ಲ. ಹಾಗಂತ ನೀವು ಸೀಸಕ್ಕೆ ಕೈ ಹಾಕಬೇಡಿ, ಅದು ವಿಷ. ನಾನು ಬಳಸಿದ್ದು ತವರಕ್ಕೆ ಸ್ವಲ್ಪ ಆಂಟಿಮನಿ, ತಾಮ್ರ ಸೇರಿಸಿದ ಸೀಸವಿಲ್ಲದ ಪ್ಯೂಟರ್. ಅಗ್ಗವೇನಲ್ಲ. ಕರಗಿಸಲು ಬೇರೆ ಸೌಟು ಇಟ್ಟುಕೊಳ್ಳಿ, ಅದು ಮತ್ತೆ ಅಡುಗೆಮನೆಗೆ ಹೋಗಬಾರದು.

ಹೊಯ್ಯುವ ಮೊದಲು ಕಲ್ಲನ್ನು ನಿಧಾನವಾಗಿ ಕಾಯಿಸಿ ಪೂರ್ತಿ ಒಣಗಿಸಬೇಕು. ಒಳಗೆ ಒಂದಿಷ್ಟು ತೇವ ಉಳಿದಿದ್ದರೂ ಅದು ಆವಿಯಾಗಿ ಕರಗಿದ ಲೋಹವನ್ನು ಮುಖಕ್ಕೆ ಚಿಮ್ಮಿಸುತ್ತದೆ, ಕನ್ನಡಕ ಕೈಗವಸು ಇಲ್ಲದೆ ಹತ್ತಿರ ಹೋಗಲೇಬೇಡಿ. ಕೆತ್ತಿದ ಕಡೆ ಮೇಣದಬತ್ತಿಯ ಮಸಿ ಹಿಡಿಸಿ, ಎರಡು ಕಲ್ಲು ಜೋಡಿಸಿ ಕ್ಲಾಂಪ್ ಬಿಗಿದು, ಒಂದೇ ಧಾರೆಯಲ್ಲಿ ಹೊಯ್ಯಿರಿ. ಮೊದಮೊದಲು ಬರುವವು ಅರ್ಧಂಬರ್ಧ ಇರುತ್ತವೆ, ಕಲ್ಲು ಇನ್ನೂ ಹದಕ್ಕೆ ಬಂದಿರುವುದಿಲ್ಲ. ಅವನ್ನು ವಾಪಸ್ ಸೌಟಿಗೆ ಹಾಕಿ. ಕಲ್ಲು ಕಾದ ಮೇಲೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ನಿಲ್ಲಿಸಲು ಮನಸ್ಸೇ ಬರುವುದಿಲ್ಲ.

ಆ ಹೊತ್ತಿನಲ್ಲೇ ನನಗೆ ಹಳೆಯ ಲೆಕ್ಕಗಳು ಅರ್ಥವಾದದ್ದು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್‌ನಲ್ಲಿ 1466ರಲ್ಲಿ ಹದಿನಾಲ್ಕೇ ದಿನದಲ್ಲಿ 1,30,000 ಬ್ಯಾಡ್ಜ್ ಮಾರಾಟವಾದವು ಅಂತ ಓದಿದಾಗ ಉತ್ಪ್ರೇಕ್ಷೆ ಅನ್ನಿಸಿತ್ತು. ಒಳ್ಳೆಯ ಅಚ್ಚುಗಳು ಕೆಲವು ಇದ್ದು, ನಾಲ್ಕು ಜನ ಪಾಳಿ ಮೇಲೆ ಹೊಯ್ಯುತ್ತಿದ್ದರೆ ಯಾಕಾಗಬಾರದು? ಅಚ್ಚು ಇದ್ದವನ ಕೈಯಲ್ಲಿ ದುಡ್ಡು. ಅದಕ್ಕೇ ಹಕ್ಕಿನ ಜಗಳವೂ ಜೋರು. 1199ರಲ್ಲಿ ಮೂರನೇ ಇನ್ನೊಸೆಂಟ್ ಪೋಪ್, ಪೀಟರ್ ಪಾಲ್ ಬ್ಯಾಡ್ಜ್ ಎರಕದ ಹಕ್ಕನ್ನು ಸೇಂಟ್ ಪೀಟರ್ ಚರ್ಚಿನ ಪಾದ್ರಿಗಳಿಗೇ ಬರೆದುಕೊಟ್ಟರು. ಮುದ್ರಣದ ಗುಟೆನ್‌ಬರ್ಗ್ ಕೂಡ ಈ ವ್ಯಾಪಾರಕ್ಕೆ ಇಳಿದವನೇ. ಜರ್ಮನಿಯ ಆಖೆನ್‌ನಲ್ಲಿ ಪವಿತ್ರ ವಸ್ತುಗಳನ್ನು ಎತ್ತಿ ತೋರಿಸುವಾಗ ಅವುಗಳ ಪ್ರಭೆ ಹಿಡಿದುಕೊಳ್ಳಲು ಜನ ಪುಟ್ಟ ಕನ್ನಡಿ ಕೊಳ್ಳುತ್ತಿದ್ದರು. ಅದಕ್ಕಾಗಿ ಪಾಲುದಾರರ ಜೊತೆ ಸೇರಿ ಕನ್ನಡಿ ಮಾಡಿಟ್ಟ. 1439ಕ್ಕೆ ಅಂದುಕೊಂಡಿದ್ದ ಯಾತ್ರೆ ಪ್ಲೇಗಿನಿಂದಾಗಿ 1440ಕ್ಕೆ ಹೋಯಿತು, ಹಾಕಿದ ಬಂಡವಾಳ ಅಲ್ಲೇ ಕೂತಿತು.

ಇದೆಲ್ಲ ಬರೀ ವ್ಯಾಪಾರ ಅಂತಲೂ ಅಲ್ಲ. ಕೊಂಡ ಬ್ಯಾಡ್ಜನ್ನು ಸಮಾಧಿಗೆ ಮುಟ್ಟಿಸಿದರೆ ಅದಕ್ಕೂ ಸಂತನ ಶಕ್ತಿ ಬರುತ್ತದೆ ಅನ್ನುವ ನಂಬಿಕೆ ಇತ್ತು. ಕ್ಯಾಂಟರ್‌ಬರಿಯಲ್ಲಿ ಇನ್ನೂ ಮೊದಲಿಗೆ ಮಾರಿದ್ದು ಪುಟ್ಟ ಪ್ಯೂಟರ್ ಕುಪ್ಪಿಗಳನ್ನು, ಒಳಗೆ ಬೆಕೆಟ್‌ನ ರಕ್ತ ಸೋಕಿದ್ದೆಂದು ನಂಬಿದ ನೀರು. ಅವುಗಳ ಮೇಲೆ ಲ್ಯಾಟಿನ್‌ನಲ್ಲಿ, ಸಜ್ಜನ ರೋಗಿಗಳಿಗೆ ಥಾಮಸನೇ ಎಲ್ಲರಿಗಿಂತ ಒಳ್ಳೆಯ ವೈದ್ಯ ಅಂತ ಬರೆದಿರುತ್ತದೆ. ಟೊಳ್ಳು ಕುಪ್ಪಿ ಎರಕ ಹೊಯ್ಯುವುದು ಬೇರೆಯೇ ವಿದ್ಯೆ, ನಾನಿನ್ನೂ ಅದರ ತಂಟೆಗೆ ಹೋಗಿಲ್ಲ.

ಕೊನೆಗೆ ಪಿನ್ನಿನ ವಿಷಯ. ಹಳಬರು ಹಿಂದಿನ ಕಲ್ಲನ್ನೇ ಎರಡು ಭಾಗ ಮಾಡಿ, ಅವು ಸೇರುವ ಗೆರೆಯಲ್ಲಿ ಪಿನ್ನನ್ನೂ ಕೆತ್ತಿ, ಬ್ಯಾಡ್ಜಿನ ಜೊತೆಗೇ ಎರಕ ಹೊಯ್ಯುತ್ತಿದ್ದರು. ನೋಡಲು ಬಹಳ ಜಾಣತನದ ಕೆಲಸ, ಆದರೆ ಈ ಮೆತ್ತನೆ ಲೋಹದ ಪಿನ್ನನ್ನು ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಮೊದಲ ಸಲ ಮಾಡುವವರು ಫ್ರಾನ್ಸಿನ ರೊಕಾಮದೂರಿನ ಬ್ಯಾಡ್ಜ್‌ಗಳನ್ನು ನೋಡಿ. ಅಂಚಿನಲ್ಲಿ ಸಣ್ಣ ಬಳೆಗಳಿರುತ್ತವೆ, ದಾರ ಪೋಣಿಸಿ ಬಟ್ಟೆಗೆ ಹೊಲಿಯುವುದು ಅಷ್ಟೇ. ಎರಡೇ ಕಲ್ಲು ಸಾಕು, ಬ್ಯಾಡ್ಜೂ ಬೀಳುವುದಿಲ್ಲ.