ಹಸಿ ಮರಕ್ಕೆ ಯಾವ ಗರಗಸ?

ತೀರ್ಥಹಳ್ಳಿ ಕಡೆ ನಮ್ಮದೊಂದು ಅಡಿಕೆ ತೋಟ. ಮಳೆ ಹಿಡಿಯುವ ಮೊದಲು ಅಂಚಿನ ಮರಗಳ ಗೆಲ್ಲು ಸವರುವ ಕೆಲಸ ಪ್ರತಿ ವರ್ಷ ಇದ್ದದ್ದೇ. ಬೆರಳು ದಪ್ಪದ್ದಕ್ಕೆ ಕತ್ತಿ ಸಾಕು. ತೋಳು ದಪ್ಪದ್ದಕ್ಕೆ ಗರಗಸವೇ ಬೇಕು.

ಮೊದಲ ವರ್ಷ ಮನೆಯಲ್ಲಿದ್ದ ಬಡಗಿ ಗರಗಸವನ್ನೇ ಹಲಸಿನ ಕೊಂಬೆಗೆ ಹಾಕಿದೆ. ಹಿಂದಿನ ದಿನವಷ್ಟೇ ಅರ ಹಾಕಿ ಚೂಪು ಮಾಡಿದ್ದೆ. ಎರಡು ಬೆರಳು ಇಳಿಯಿತು ಅಷ್ಟೇ. ಆಮೇಲೆ ಎಳೆದರೂ ಬರಲಿಲ್ಲ, ನೂಕಿದರೂ ಹೋಗಲಿಲ್ಲ. ಹಲ್ಲಿನ ಸಂದಿಯಲ್ಲೆಲ್ಲ ಕಲಸಿದ ಹಿಟ್ಟಿನ ಹಾಗೆ ಹುಡಿ. ಅದರ ಮೇಲೆ ಮೇಣ ಬೇರೆ.

ಊರಿನ ಆಚಾರ್ರಿಗೆ ತೋರಿಸಿದೆ. ‘ಚೂಪು ಸರಿಯಾಗೇ ಇದೆ ಮಾರಾಯ್ರೆ. ಹುಡಿ ಹೋಗಲಿಕ್ಕೆ ಜಾಗ ಎಲ್ಲಿದೆ?’ ಅಂದರು. ಎಣಿಸಿದರೆ ಇಂಚಿಗೆ 10 ಹಲ್ಲು. ಒಣ ಹಲಗೆಗೆ ಅದು ಚೆನ್ನ. ಹಸಿ ಮರದ ಹುಡಿ ಒದ್ದೆ, ನಾರುನಾರು. ಸಣ್ಣ ಸಂದಿಯಲ್ಲಿ ಅದು ಮೆತ್ತಿಕೊಂಡರೆ ಹಲ್ಲು ಮರವನ್ನು ಮುಟ್ಟುವುದೇ ಇಲ್ಲ, ಸುಮ್ನೆ ಜಾರುತ್ತದೆ. ಕೊಯ್ದ ಜಾಗದ ಎರಡೂ ಬದಿಯ ನಾರು ಅಲಗನ್ನು ಒತ್ತುತ್ತದೆ. ಅದಕ್ಕೇ ಹಲ್ಲು ದೊಡ್ಡದಿರಬೇಕು, ಒಂದು ಎಡಕ್ಕೆ ಒಂದು ಬಲಕ್ಕೆ ಸ್ವಲ್ಪ ಜಾಸ್ತಿಯೇ ಬಾಗಿರಬೇಕು.

ಈಗ ನನ್ನ ಹತ್ತಿರ ಇರುವುದು ಇಂಚಿಗೆ 6 ಹಲ್ಲಿನ, ಎಳೆದಾಗ ಕೊಯ್ಯುವ ಬಾಗು ಗರಗಸ. ಎಳೆಯುವಾಗ ಅಲಗು ಬಿಗಿಯಾಗಿ ನಿಲ್ಲುತ್ತದೆ, ತೆಳುವಾಗಿದ್ದರೂ ಮಡಚುವುದಿಲ್ಲ. ತಲೆಗಿಂತ ಮೇಲಿನ ಕೊಂಬೆ ಕೊಯ್ಯುವವರಿಗೆ ಇದು ಎಷ್ಟು ಹಿತ ಅಂತ ಕೈಗೇ ಗೊತ್ತಾಗುತ್ತದೆ. ಕೊಳ್ಳುವಾಗ ಹಲ್ಲಿನ ತುದಿ ನೋಡಿ. ನೀಲಿಗಪ್ಪು ಬಣ್ಣ ಇದ್ದರೆ ಅದು ಕಾಯಿಸಿ ಗಟ್ಟಿ ಮಾಡಿದ ಹಲ್ಲು. ಬಹಳ ದಿನ ಚೂಪಾಗಿರುತ್ತದೆ, ಆದರೆ ಅರಕ್ಕೆ ಜಗ್ಗುವುದಿಲ್ಲ. ಮೊಂಡಾದರೆ ಅಲಗೇ ಬದಲಿಸಬೇಕು. ಬೇರೆ ಅಲಗು ಸಿಗುತ್ತದಾ ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ.

ತೊಡೆ ದಪ್ಪದ್ದಕ್ಕೆ ಬಿಲ್ಲಿನಾಕಾರದ ಗರಗಸ ವಾಸಿ. ಅದರ ಅಲಗಿನಲ್ಲಿ ಎರಡು ಬಗೆ. ಬರೀ ತ್ರಿಕೋನದ ಹಲ್ಲಿನದು ಒಣ ಮರಕ್ಕೆ. ನಡುನಡುವೆ ಹುಡಿ ಕೆರೆದು ಹೊರಗೆ ಹಾಕುವ ಕವಲು ಹಲ್ಲು ಇರುವುದು ಹಸಿ ಮರಕ್ಕೆ.

ಇನ್ನೊಂದು ಮಾತು. ಮೊದಲು ಕೊಂಬೆಯ ಅಡಿಯಿಂದ ಕಾಲು ಭಾಗ ಕೊಯ್ಯಿರಿ, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಮುರಿದು ಬೀಳುವಾಗ ಕಾಂಡದ ಸಿಪ್ಪೆ ಉದ್ದಕ್ಕೆ ಸೀಳಿಕೊಂಡು ಬರುತ್ತದೆ. ಮರಕ್ಕೆ ಅದು ದೊಡ್ಡ ಗಾಯ, ಅಲ್ವಾ? ಅಡಿಯಿಂದ ಜಾಸ್ತಿ ಇಳಿಸಲೂಬಾರದು. ಕೊಂಬೆಯ ಭಾರಕ್ಕೆ ಗರಗಸ ಸಿಕ್ಕಿಬೀಳುತ್ತದೆ.

ಸಂಜೆ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಅಲಗು ಒರೆಸಿಯೇ ನಾನು ಕೊಟ್ಟಿಗೆಯಲ್ಲಿ ತೂಗುಹಾಕುವುದು. ಮೇಣವೂ ಬಿಡುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ತುಕ್ಕೂ ಹಿಡಿಯುವುದಿಲ್ಲ.